ಆರು ಹನ್ನೆರಡಕ್ಕೆ ಹಾದುಹೋದದ್ದು

ಫೆಬ್ರವರಿ ೩, ಸೋಮವಾರ

ಬಳಗದಿಂದ ಪತ್ರ ಬಂತು. ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಸಿಟ್ಟು ಶುರುವಾಯಿತು.

ವನ್ಯಚಿತ್ರ ಬಳಗದ ಗೋಡೆಯ ಮೇಲೆ ಹೋದ ವರ್ಷದಿಂದ ಇರುವ ನನ್ನ ಕತ್ತೆಕಿರುಬದ ಚಿತ್ರ, ‘ಸಹಜ ಬೆಳಕು’ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು, ಸುಳ್ಳು ಚಿತ್ರವಂತೆ. ಪ್ರಾಣಿಯ ಮೈಮೇಲೆ ಎರಡು ಕಡೆಯಿಂದ ಬೆಳಕು ಬಿದ್ದಿದೆ, ಸೂರ್ಯ ಇರುವುದು ಒಬ್ಬನೇ, ಆದ್ದರಿಂದ ಸಾಕಿದ ಪ್ರಾಣಿಯನ್ನು ನಿಲ್ಲಿಸಿ ದೀಪ ಹಾಕಿ ತೆಗೆದದ್ದು ಎಂದು ದೂರು. ಮೂಲ ಕಡತ ಕೊಡಬೇಕು. ಇಲ್ಲವೇ ಅದೇ ಪ್ರಾಣಿಯನ್ನು ಅದೇ ಜಾಗದಲ್ಲಿ ಸಹಜ ಬೆಳಕಿನಲ್ಲಿ ಮತ್ತೆ ತೆಗೆದು ತೋರಿಸಬೇಕು. ಮಾರ್ಚ್ ೧೫ರ ಸಭೆಯವರೆಗೆ ಅವಕಾಶ. ಎರಡೂ ಆಗದಿದ್ದರೆ ಚಿತ್ರ ಗೋಡೆಯಿಂದ ಇಳಿಯುತ್ತದೆ, ನನ್ನ ಹೆಸರು ಸದಸ್ಯರ ಪಟ್ಟಿಯಿಂದ ಹೋಗುತ್ತದೆ.

ಸಹಿ ಹಿರಿಯ ತೀರ್ಪುಗಾರರದು. ಯಾವ ಚಿತ್ರವನ್ನೂ ಭೂತಗನ್ನಡಿ ಇಲ್ಲದೆ ನೋಡದ ಮನುಷ್ಯ. ಬಳಗದಲ್ಲಿ ಎಲ್ಲರೂ ಅವರನ್ನು ಭೂತಗನ್ನಡಿ ಎಂದೇ ಕರೆಯುತ್ತಾರೆ, ಅವರಿಗೆ ಕೇಳಿಸದ ಹಾಗೆ. ಎತ್ತು ಈಯಿತು ಎಂದು ಯಾರೋ ಹೇಳಿದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರಲ್ಲ ಎಂದುಕೊಂಡಿದ್ದೆ.

ಮೂಲ ಕಡತ ಎಲ್ಲಿಂದ ತರಲಿ? ಇಪ್ಪತ್ತಾರು ವರ್ಷದಿಂದ ನನ್ನ ಸ್ಟುಡಿಯೋದಲ್ಲಿ ಗುರುತಿನ ಚೀಟಿಯ ಫೋಟೋ ತೆಗೆಯುತ್ತಿದ್ದೇನೆ. ಶನಿವಾರ ಸಂಜೆ ಬಾಗಿಲು ಹಾಕುವ ಮೊದಲು ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನೆಲ್ಲ ಅಳಿಸುವುದು ನನ್ನ ಪದ್ಧತಿ. ಜನರ ಮುಖಗಳ ಜೊತೆಗೆ ಕತ್ತೆಕಿರುಬವನ್ನೂ ಅಳಿಸಿದ್ದೇನೆ. ಉಳಿದಿರುವುದು ತಿದ್ದಿ ಮುಗಿಸಿದ ಪ್ರತಿ ಮಾತ್ರ.

“ಇನ್ನೊಂದು ಸಲ ತೆಗೆದ್ರಾಯ್ತಲ್ವೇನೇ?” ಎಂದರು ನಮ್ಮವರು. ಮೂವತ್ತು ವರ್ಷ ಬಸ್ಸು ಓಡಿಸಿದವರು. ಕತ್ತೆಕಿರುಬವೂ ಎಂಟೂ ಕಾಲಿಗೆ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ ಎಂದುಕೊಂಡಿದ್ದಾರೆ.

ಫೆಬ್ರವರಿ ೫, ಬುಧವಾರ

ಸಿಟ್ಟು ಇಳಿದಿಲ್ಲ, ಆದರೆ ಕೆಲಸ ಶುರು ಮಾಡಿದ್ದೇನೆ.

ಹಳೆಯ ಕಲ್ಲುಕ್ವಾರಿ ಊರಿನಿಂದ ಹನ್ನೊಂದು ಕಿಲೋಮೀಟರ್. ಅದರ ಎರಡು ಬಂಡೆಗಳ ಸಂದಿಯಲ್ಲಿ ಒಂದು ಕಾಲುದಾರಿ. ಹೋದ ವರ್ಷ ಬೆಳಗಿನ ಎಳೆಬಿಸಿಲಲ್ಲಿ ಅಲ್ಲಿಯೇ ಅದು ನನ್ನ ಮುಂದೆ ನಡೆದು ಹೋಗಿತ್ತು. ಬಲಗಿವಿ ಹರಿದಿದೆ. ಎಡ ಭುಜದ ಮೇಲೆ ಒಂದು ಪಟ್ಟೆ ನಡುವೆ ಸೀಳಿ ಕವಲಾಗಿದೆ. ಮನುಷ್ಯರ ಹೆಬ್ಬೆಟ್ಟಿನ ಗುರುತಿನಂತೆ ಕತ್ತೆಕಿರುಬದ ಪಟ್ಟೆಗಳೂ ಒಂದರಂತೆ ಇನ್ನೊಂದರದು ಇರುವುದಿಲ್ಲ. ಆ ಕವಲು ಪಟ್ಟೆ ಮತ್ತೆ ಸಿಕ್ಕರೆ ನಾನು ಗೆದ್ದೆ.

ಮೊದಲು ಅದು ಯಾವಾಗ ಬರುತ್ತದೆಂದು ತಿಳಿಯಬೇಕು. ಅದಕ್ಕೆ ಕಾವಲು ಕ್ಯಾಮೆರಾ. ಪೆಟ್ಟಿಗೆಯಂಥದ್ದು, ಎದುರಿಗೆ ಏನಾದರೂ ಮಿಸುಕಿದರೆ ತಾನೇ ಚಿತ್ರ ತೆಗೆದು ವೇಳೆಯನ್ನೂ ಬರೆದಿಡುತ್ತದೆ. ಇಂದು ಸಂಜೆ ಏಳಕ್ಕೆ, ಇಬ್ಬರು ಗಿರಾಕಿಗಳ ನಡುವೆ, ಹೊಸ ಬ್ಯಾಟರಿ ಹಾಕಿ ಗಡಿಯಾರ ಹೊಂದಿಸಿದೆ. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಮಾತ್ರ ಕೆಲಸ ಮಾಡಲು ಹೇಳಿದ್ದೇನೆ. ಇಡೀ ದಿನ ಬಿಟ್ಟರೆ ಅಲ್ಲಾಡುವ ಹುಲ್ಲೆಲ್ಲ ಫೋಟೋ ತೆಗೆಸಿಕೊಳ್ಳುತ್ತದೆ. ಸಂಜೆಯಂತೂ ನನಗೆ ಸ್ಟುಡಿಯೋ ಬಿಟ್ಟು ಬರಲಾಗದು, ಕೆಲಸ ಮುಗಿಸಿ ಜನ ಬರುವುದೇ ಆಗ.

ಫೆಬ್ರವರಿ ೧೧, ಮಂಗಳವಾರ

ಕಾರ್ಡಿನಲ್ಲಿ ೨೧೨ ಚಿತ್ರಗಳು. ಅವುಗಳಲ್ಲಿ ೨೧೦ ಮೇಕೆಗಳು! ಯಾರೋ ಒಬ್ಬ ಹೆಂಗಸು ಆ ದಾರಿಯಲ್ಲೇ ಮೇಕೆ ಹೊಡೆದುಕೊಂಡು ಹೋಗುತ್ತಾಳೆ. ಮೂಗು, ಬಾಲ, ಕೋಡು, ಒಂದಂತೂ ಪೆಟ್ಟಿಗೆಯನ್ನೇ ನೆಕ್ಕಿದೆ. ಒಂದನ್ನೂ ಸರಿಯಾಗಿ ನೋಡದೆ ಎಲ್ಲವನ್ನೂ ಅಳಿಸಿದೆ.

ಉಳಿದ ಎರಡರಲ್ಲಿ ಅದು ಇದೆ. ಪೊದೆಯ ನೆರಳಲ್ಲಿ ಕಟ್ಟಿದ ಕ್ಯಾಮೆರಾ ಯಾವ ಹೊತ್ತಿನಲ್ಲೂ ಬೂದು ಚಿತ್ರವನ್ನೇ ಕೊಡುತ್ತದೆ, ಆದರೂ ಮುಖ ಸ್ಪಷ್ಟ, ಹರಿದ ಬಲಗಿವಿ ಸ್ಪಷ್ಟ. ನೇರ ಎದುರಿಗೆ ಬಂದಿರುವುದರಿಂದ ಪಟ್ಟೆ ಕಾಣಿಸುವುದಿಲ್ಲ. ಒಂದರಲ್ಲಿ ವೇಳೆ ಬೆಳಗ್ಗೆ ೬:೧೨, ಇನ್ನೊಂದರಲ್ಲಿ ೬:೧೫. ಬದುಕಿದೆ, ಅದೇ ದಾರಿಯಲ್ಲಿ ಓಡಾಡುತ್ತಿದೆ, ಹೊತ್ತೂ ಗೊತ್ತಾಯಿತು. ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. “ಬಹುಮಾನ ಆ ಮೂತಿಗಾ?” ಎಂದರು ನಮ್ಮವರು. ಆ ಮೂತಿಗೇ.

ಫೆಬ್ರವರಿ ೧೯, ಬುಧವಾರ

ಏಳು ದಿನ ನಾಲ್ಕಕ್ಕೆ ಎದ್ದು ಹೋಗಿ ಬಂಡೆಯ ಹಿಂದೆ ಕೂತೆ. ಏನೂ ಬರಲಿಲ್ಲ. ಏಳೂವರೆಗೆ ಮೇಕೆ ಹೆಂಗಸು ಮಾತ್ರ ತಪ್ಪದೆ ಬರುತ್ತಾಳೆ, ಕೂಗುತ್ತಾ, ಬೈಯುತ್ತಾ, ಮಧ್ಯೆ ಒಂದಿಷ್ಟು ಹಾಡುತ್ತಾ. ಯಾವ ಪ್ರಾಣಿ ತಾನೇ ಉಳಿದೀತು?

ಫೆಬ್ರವರಿ ೨೧, ಶುಕ್ರವಾರ

ಕಾರ್ಡು ತೆಗೆದು ನೋಡಿದೆ. ಮೇಕೆಗಳನ್ನು ಅಳಿಸಿದೆ. ಆಮೇಲೆ ಕುರ್ಚಿಯಲ್ಲಿ ಕುಳಿತವಳು ಏಳಲಿಲ್ಲ.

೧೭ನೇ ತಾರೀಖು ಬೆಳಗ್ಗೆ ೬:೧೨. ೧೮ಕ್ಕೆ ೬:೧೪. ನಿನ್ನೆ, ೨೦ಕ್ಕೆ, ೬:೧೨. ಮೂರೂ ಸಲ ಅದು ಹಾದುಹೋಗಿದೆ. ಮೂರೂ ದಿನ ನಾನು ಅಲ್ಲಿಂದ ಹದಿನೈದು ಹೆಜ್ಜೆ ದೂರದಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದೆ. ನಿದ್ದೆ ಮಾಡಿರಲಿಲ್ಲ. ೧೭ರಂದು ಆರೂ ಹತ್ತಕ್ಕೆ ಕೈಗಡಿಯಾರ ನೋಡಿ ಒಂದು ಗುಟುಕು ಚಹಾ ಕುಡಿದದ್ದು ಚೆನ್ನಾಗಿ ನೆನಪಿದೆ.

ಕಾವಲು ಕ್ಯಾಮೆರಾ ಕಂಡದ್ದು ನನ್ನ ಕಣ್ಣಿಗೆ ಕಾಣಲಿಲ್ಲ.

ಫೆಬ್ರವರಿ ೨೪, ಸೋಮವಾರ

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ನಮ್ಮವರಿಗೆ ತರಕಾರಿಗೆ ಎಂದು ಹೇಳಿ ಹೋದೆ. ಗಲ್ಲ ಆನಿಸಿ ಕೂರಿಸಿ, “ಅಲ್ಲಾಡಬೇಡಿ, ಮಿಟುಕಿಸಬೇಡಿ” ಎಂದರು. ಇಪ್ಪತ್ತಾರು ವರ್ಷ ಬೇರೆಯವರಿಗೆ ಹೇಳಿದ ಮಾತು. ಕುಳಿತುಕೊಳ್ಳುವವರ ಎದೆ ಎಷ್ಟು ಹೊಡೆದುಕೊಳ್ಳುತ್ತದೆ ಎಂದು ಇಂದು ತಿಳಿಯಿತು.

ಓದುವ ಕನ್ನಡಕ ಸ್ವಲ್ಪ ಬದಲಾಗಬೇಕು, ಉಳಿದದ್ದೆಲ್ಲ ಸರಿ ಎಂದರು. ಹಾಗಾದರೆ ಕೆಟ್ಟಿರುವುದು ಕಣ್ಣಲ್ಲ, ತಲೆ. ಐವತ್ತಮೂರಕ್ಕೇ ಎದುರಿಗಿರುವುದನ್ನು ಕಾಣದ ಹಾಗೆ ಆಗಿಬಿಟ್ಟೆನೇ? ಭಯವಾಗುತ್ತಿದೆ. ಬಳಗದವರು ಸುಳ್ಳಿ ಎನ್ನುತ್ತಿದ್ದಾರೆ, ಆ ಮಾತಿಗಾದರೆ ಎದುರು ಮಾತಾಡಬಲ್ಲೆ. ನನ್ನ ಕಾರ್ಡೇ ನನ್ನನ್ನು ಕುರುಡಿ ಎಂದರೆ ಯಾರ ಹತ್ತಿರ ಜಗಳವಾಡಲಿ?

ತರಕಾರಿ ತರುವುದನ್ನು ಮರೆತೆ. ನಮ್ಮವರು ಖಾಲಿ ಚೀಲ ನೋಡಿ ತಾವೇ ಅದನ್ನು ಹಿಡಿದು ಅಂಗಡಿಗೆ ಹೊರಟರು. ಅದೇ ಹೆಚ್ಚು ಅಳು ಬರಿಸಿತು.

ಫೆಬ್ರವರಿ ೨೭, ಗುರುವಾರ

ಹೋಗಲಿಲ್ಲ.

ಮಾರ್ಚ್ ೧, ಶನಿವಾರ

ಇನ್ನು ಹದಿನಾಲ್ಕು ದಿನ. ತಪ್ಪು ಮೇಕೆಗಳದೇ, ಇನ್ನೇನೂ ಅಲ್ಲ. ಅವುಗಳ ವಾಸನೆಗೆ ಅದು ಮೈ ಅಡಗಿಸಿ ಬೇರೆಲ್ಲೋ ನುಸುಳಿ ಹೋಗುತ್ತಿದೆ. ನಾಳೆ ಆ ಹೆಂಗಸಿಗೆ ನಾಲ್ಕು ಮಾತು ಹೇಳಿಯೇ ಬರುತ್ತೇನೆ. ಸಾಕ್ಷಿಗೆಂದು ಈ ಸಲ ಕಾರ್ಡಿನಲ್ಲಿ ಮೇಕೆಗಳನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ನಾನು ಹೋಗದ ಈ ದಿನಗಳಲ್ಲಿ ಅವು ಆರಕ್ಕೇ ಬಂದಿವೆ.

ಮಾರ್ಚ್ ೨, ಭಾನುವಾರ

ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ, ನಾನೇ ಮುಂದೆ ಓದಿ ನಾಚಿಕೊಳ್ಳಲಿ.

ಏಳೂವರೆಗೆ ದಾರಿಗೆ ಅಡ್ಡ ನಿಂತೆ. ಅರವತ್ತು ದಾಟಿದವರು, ಕೈಯಲ್ಲಿ ಕೋಲು, ತಲೆಗೆ ಗಂಡಸರ ಹಳೆಯ ಟೋಪಿ. ನಾನು ಶುರುಮಾಡಿದೆ. ಇದು ಕಾಡುಪ್ರಾಣಿ ಓಡಾಡುವ ಜಾಗ, ಬೆಳಗ್ಗೆ ಆರಕ್ಕೆಲ್ಲ ಮೇಕೆ ನುಗ್ಗಿಸಿದರೆ ನನ್ನ ಕೆಲಸ ಏನಾಗಬೇಕು, ಹೀಗೆ. ಅವರು ಕೋಲಿನ ಮೇಲೆ ಗಲ್ಲ ಊರಿ ಪೂರ್ತಿ ಕೇಳಿದರು.

“ಆರಕ್ಕೆ ನಾನು ಎದ್ದಿರ್ತೀನಿ, ಆದ್ರೆ ಮೇಕೆ ಬಿಟ್ಟಿರಲ್ಲಮ್ಮ. ಹಾಲು ಕರೆದೇ ಬಿಡೋದು. ಏಳಾಗತ್ತೆ.”

“ಸುಳ್ಳು ಹೇಳ್ಬೇಡಿ. ಇಲ್ಲಿ ನೋಡಿ, ಫೋಟೋ ಇದೆ. ಆರು ಗಂಟೆ ಎರಡು ನಿಮಿಷ. ಬೆಳಗ್ಗೆ.”

ಕ್ಯಾಮೆರಾದ ಹಿಂಬದಿಯ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಮೊದಲು ಒಂದೊಂದು ಮೇಕೆಯನ್ನೂ ಹೆಸರು ಹಿಡಿದು ಮಾತಾಡಿಸಿದರು. ಆಮೇಲೆ ನನ್ನ ಮುಖ ನೋಡಿದರು.

“ಬೆಳಗ್ಗೆನಾ ಇದು? ಹೊಟ್ಟೆ ನೋಡಮ್ಮ.”

“ಏನು ಹೊಟ್ಟೆ?”

“ಹೊಟ್ಟೆ! ಎರಡೂ ಕಡೆ ಉಬ್ಬಿದೆ. ಮೇದು ಬಂದ ಹೊಟ್ಟೆ ಇದು. ಈಗ ಇವನ್ನ ನೋಡು.” ಕೋಲಿನಿಂದ ಎದುರಿಗಿದ್ದ ಮೇಕೆಯ ಪಕ್ಕೆ ತೋರಿಸಿದರು. ಒಳಕ್ಕೆ ಕುಸಿದಿತ್ತು. “ಬೆಳಗ್ಗೆ ಹಿಂಗಿರತ್ತೆ. ಕೆಚ್ಚಲು ಕೂಡ ನೋಡು, ಫೋಟೋದಲ್ಲಿ ತುಂಬ್ಕೊಂಡು ಬರ್ತಾ ಇದೆ. ಮತ್ತೆ ಮುಖ ಯಾವ ಕಡೆ? ದೊಡ್ಡಿ ಕಡೆ. ಬೆಳಗ್ಗೆ ಎದ್ದು ಯಾವ ಮೇಕೆ ಮನೆಗೆ ಹೋಗತ್ತಮ್ಮ? ನಿನ್ನ ಡಬ್ಬಿ ಸುಳ್ಳು ಹೇಳ್ತಿದೆ. ಇದು ಸಂಜೆ.”

ಐದನೇ ತಾರೀಖು ಸಂಜೆ ಏಳಕ್ಕೆ ನಾನು ಗಡಿಯಾರ ಹೊಂದಿಸುವಾಗ ಬೆಳಗಿನ ಏಳು ಎಂದು ಒತ್ತಿದ್ದೇನೆ. ಅಷ್ಟೇ. ಆವತ್ತಿನಿಂದ ಆ ಪೆಟ್ಟಿಗೆ ಸಂಜೆಯನ್ನು ಬೆಳಗು ಎಂದುಕೊಂಡು ಸಂಜೆಯೇ ಕೆಲಸ ಮಾಡುತ್ತಿದೆ. ಕತ್ತೆಕಿರುಬ ಸಂಜೆ ಆರೂ ಹನ್ನೆರಡಕ್ಕೆ ಬೇಟೆಗೆ ಹೊರಡುತ್ತದೆ, ನಾನು ಬೆಳಗ್ಗೆ ಆರೂ ಹನ್ನೆರಡಕ್ಕೆ ಖಾಲಿ ದಾರಿ ಕಾಯುತ್ತೇನೆ. ಬೆಳಗ್ಗೆ ಈ ವರ್ಷ ಬೇರೆ ದಾರಿಯಲ್ಲಿ ಗುಹೆಗೆ ಮರಳುತ್ತದಂತೆ, ಮೇಕೆಯಾಕೆ ಹೇಳಿದರು. ನಿಜ ಹೇಳಲು ಇನ್ನೂರು ಮೇಕೆಗಳು ಬಂದು ಕ್ಯಾಮೆರಾ ಮುಂದೆ ನಿಂತಿದ್ದವು, ನಾನು ನೋಡದೆ ಅಳಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಅಲ್ಲೇ ಕಲ್ಲಿನ ಮೇಲೆ ಕುಳಿತು ನಕ್ಕೆ. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ನನ್ನ ಕಣ್ಣು ಸರಿಯಾಗಿದೆ. ತಲೆಯೂ ಸರಿಯಾಗಿದೆ, ಒಂದು ಗುಂಡಿ ಒತ್ತುವಷ್ಟನ್ನು ಬಿಟ್ಟರೆ. ಮೇಕೆಯಾಕೆ ಪಕ್ಕದಲ್ಲಿ ಕುಳಿತು, “ಹೋಗ್ಲಿ ಬಿಡು ಫೋಟೋದಮ್ಮ, ಡಬ್ಬಿಗೇನು ಗೊತ್ತು ಹೊಟ್ಟೆ ಸಂಗತಿ” ಎಂದರು.

ಮಾರ್ಚ್ ೩, ಸೋಮವಾರ

ಸಂಜೆ ಸ್ಟುಡಿಯೋಗೆ ನಮ್ಮವರು ಕೂರುತ್ತಾರೆ. ಬಸ್ಸಿನ ಚಕ್ರ ಹಿಡಿದ ಕೈಗೆ ಕ್ಯಾಮೆರಾ ಎಷ್ಟರದು ಎಂದರು. ಇಂದು ತೆಗೆದ ಐದರಲ್ಲಿ ಮೂವರಿಗೆ ನೆತ್ತಿ ಇಲ್ಲ.

ಡಾಕ್ಟರ ಹತ್ತಿರ ಹೋಗಿದ್ದನ್ನು ಹೇಳಿದೆ. “ಗೊತ್ತು. ಚೀಟಿ ನಿನ್ನ ಚೀಲದಲ್ಲೇ ಇತ್ತು” ಎಂದರು.

ಮಾರ್ಚ್ ೬, ಗುರುವಾರ

ಕಂಡೆ!

ಮೇಕೆಗಳು ಹೋಗಿ ದೂಳು ಅಡಗಿತ್ತು. ಆರೂ ಹದಿಮೂರು. ಶಬ್ದವೇ ಇಲ್ಲದೆ ಸಂದಿಯೊಳಗಿಂದ ಬಂತು. ಕತ್ತಿನ ಜೂಲು ಗಾಳಿಗೆ ಏಳುತ್ತಿತ್ತು. ಮುಂಗಾಲು ಉದ್ದ, ಹಿಂಗಾಲು ಗಿಡ್ಡ, ಮೈ ಇಳಿಜಾರು, ಕುರೂಪ ಎಂದು ಎಲ್ಲರೂ ಹೇಳುವುದು ಇದನ್ನೇ. ನಡೆದು ಬರುವಾಗ ಮಾತ್ರ ಇಡೀ ಕ್ವಾರಿ ಅದರ ಸ್ವಂತದ್ದು ಎನ್ನುವ ಹಾಗಿರುತ್ತದೆ. ಹೋಗಿಬಿಟ್ಟ ಮೇಲೆ ನೆನಪಾಯಿತು, ನಾನು ಒಂದು ಸಲವೂ ಗುಂಡಿ ಒತ್ತಿರಲಿಲ್ಲ. ಅದಕ್ಕೆ ಬೇಸರವೂ ಆಗಲಿಲ್ಲ. ಮನೆತನಕ ಹಾಡಿಕೊಂಡು ಬಂದೆ.

ಮಾರ್ಚ್ ೯, ಭಾನುವಾರ

ಸಿಕ್ಕಿತು, ಸಿಕ್ಕಲಿಲ್ಲ.

ಮೂರು ಚಿತ್ರಗಳು, ಮೂರೂ ಚೂರಿಯ ಅಲಗಿನಷ್ಟು ಚೂಪು. ಬೆಳಕೂ ಅದೇ, ಎರಡೂ ಕಡೆಯಿಂದ. ಎಲ್ಲಿಂದ ಎಂದು ಇಂದು ತಿಳಿಯಿತು. ಪಡುವಣ ಬಿಸಿಲು ಎದುರಿನ ಬಿಳಿ ಕಲ್ಲುಗೋಡೆಗೆ ಬಿದ್ದು ದಾರಿಯ ಮೇಲೆ ಹಿಂದಿರುಗುತ್ತದೆ. ಬೆಳಗ್ಗೆ ಮೂಡಣ ಬಿಸಿಲಿಗೆ ಈಚೆ ಗೋಡೆ ಅದೇ ಕೆಲಸ ಮಾಡುತ್ತದೆ. ಗಿರಾಕಿಗಳ ಮುಖದ ನೆರಳು ಹೋಗಲೆಂದು ಸ್ಟುಡಿಯೋದಲ್ಲಿ ದಿನಾ ಬಿಳಿ ಹಲಗೆ ಹಿಡಿಯುವ ನನಗೆ ನಲವತ್ತು ಅಡಿ ಎತ್ತರದ ಬಿಳಿ ಹಲಗೆ ಕಾಣಿಸಿರಲಿಲ್ಲ.

ಆದರೆ ಚಿತ್ರದಲ್ಲಿರುವುದು ಬಲಮೈ. ಹೋದ ವರ್ಷ ಬೆಳಗ್ಗೆ ಗುಹೆಗೆ ಹೋಗುವಾಗ ಎಡಮೈ ನನ್ನ ಕಡೆ ಇತ್ತು. ಈಗ ಹೊರಗೆ ಹೊರಡುತ್ತದೆ, ಹಾಗಾಗಿ ಬಲಮೈ. ಕವಲು ಪಟ್ಟೆ ಆಚೆ ಕಡೆ ಉಳಿಯಿತು. ಹರಿದ ಕಿವಿ ಒಂದೇ ಸಾಲದು, ಕಿವಿ ಎಷ್ಟು ಪ್ರಾಣಿಗೆ ಬೇಕಾದರೂ ಹರಿಯಬಹುದು ಎನ್ನುತ್ತಾರೆ ಭೂತಗನ್ನಡಿ. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ.

ದಾರಿಯ ಆಚೆ ಕಡೆ ಕೂರಬೇಕು. ಅಲ್ಲಿ ಬಂಡೆಯಿಲ್ಲ, ಪೊದೆಯಿಲ್ಲ, ಬಯಲು. ಮೇಕೆಯಾಕೆಗೆ ಹೇಳಿದೆ. ಈಗ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಅವರಿಗೆ ಇದೊಂದು ಕಷ್ಟವೇ ಅಲ್ಲ.

“ಮೇಕೆ ಮಧ್ಯೆ ಕೂತ್ಕೊ. ನಾನು ಅಲ್ಲೇ ಅಲ್ವಾ ನಿಲ್ಲೋದು, ಹಿಂದೆ ಉಳಿದವನ್ನ ಕರ್ಕೊಂಡು ಹೋಗೋಕೆ? ಅದು ನನ್ನ ದಿನಾ ನೋಡತ್ತೆ. ನಾನೂ ನೋಡ್ತೀನಿ. ಅದ್ರ ಪಾಡಿಗೆ ಅದು ಹೋಗತ್ತೆ.”

“ಮೇಕೆ ಹಿಡಿಯಲ್ವಾ ಅಕ್ಕ?”

“ನನ್ನ ಮರಿಗಳನ್ನ ತಿಂದಿರೋದು ಊರ ನಾಯಿಗಳು. ಹೆಸರು ಇದಕ್ಕೆ. ಮುಖ ಚೆನ್ನಾಗಿಲ್ಲ ನೋಡು, ಅದಕ್ಕೆ.”

ಮಾರ್ಚ್ ೧೧, ಮಂಗಳವಾರ

ಮೋಡ. ಅದು ಬಂತು, ಹೋಯಿತು. ಕಾರ್ಡಿನಲ್ಲಿ ಬರೀ ಮಸಿ. ನಾಲ್ಕು ದಿನ ಉಳಿದಿದೆ.

ಒಂದು ಮರಿ ನನ್ನ ತೊಡೆಯ ಮೇಲೆ ನಿದ್ದೆ ಹೋಯಿತು. ಏಳಿಸಲು ಮನಸ್ಸಾಗದೆ ಕಾಲು ಮರಗಟ್ಟುವವರೆಗೆ ಕೂತಿದ್ದೆ.

ಮಾರ್ಚ್ ೧೩, ಗುರುವಾರ

ಐದೂವರೆಗೆ ಮೋಡ ಹರಿಯಿತು. ಅಕ್ಕ ತಮ್ಮ ಟೋಪಿಯನ್ನು ನನ್ನ ತಲೆಗೆ ಹಾಕಿ, ಕಂಬಳಿ ಹೊದಿಸಿದರು. ನಲವತ್ತು ಮೇಕೆಗಳ ಮಧ್ಯೆ ನೆಲಕ್ಕೆ ಕೂತೆ. ಕಾಯುವಾಗ ಕೈ ಸುಮ್ಮನಿರದೆ ಮೇಕೆಗಳನ್ನೇ ತೆಗೆಯುತ್ತಾ ಹೋದೆ. ಹಿಂದೆ ಕಲ್ಲುಗೋಡೆ, ಮುಂದೆ ಮೇಕೆಗಳು, ಎಲ್ಲದರ ಮೇಲೂ ಬಿಸಿಲು. ಗಡ್ಡದ ಒಂದೊಂದು ಕೂದಲೂ ಎಣಿಸುವ ಹಾಗಿತ್ತು.

ಆರೂ ಹನ್ನೊಂದು. ಅಕ್ಕ ಕೋಲಿನ ತುದಿಯಿಂದ ನನ್ನ ಬೆನ್ನು ಮುಟ್ಟಿದರು.

ಸಂದಿಯ ಬಾಯಲ್ಲಿ ನಿಂತಿತ್ತು. ನಮ್ಮನ್ನು ನೋಡಿತು. ಅಕ್ಕನನ್ನು ನೋಡಿತು. ಟೋಪಿ ಯಾಕೆ ಜಾಗ ಬದಲಾಯಿಸಿದೆ ಎಂದು ಯೋಚಿಸಿತೋ ಏನೋ, ಒಂದು ಕ್ಷಣ ಮುಂಗಾಲು ಎತ್ತಿಯೇ ಇತ್ತು. ಆಮೇಲೆ ಇಟ್ಟ ಹೆಜ್ಜೆ ಬಿಸಿಲೊಳಕ್ಕೆ. ಎಡಮೈ ಪೂರ್ತಿ ನನ್ನ ಕಡೆ. ಭುಜದ ಮೇಲೆ ಕವಲು ಪಟ್ಟೆ, ನಡುವೆ ಸೀಳಿ ಎರಡಾಗಿ, ನನ್ನದೇ ಕೈಬರಹದ ಹಾಗೆ ಗುರುತಿನದು. ಆರು ಸಲ ಒತ್ತಿದೆ. ಅದು ಓಡಲಿಲ್ಲ, ಕ್ವಾರಿಯ ಏರಿ ಹತ್ತಿ ನಿಧಾನವಾಗಿ ಆಚೆ ಇಳಿಯಿತು.

ಎದ್ದು ಅಕ್ಕನನ್ನು ಅಪ್ಪಿಕೊಂಡೆ. ಮೇಕೆಗಳು ಗಾಬರಿಯಿಂದ ಚದುರಿದವು. “ಬಿಡೇ, ಇವನ್ನೆಲ್ಲ ಯಾರು ಕೂಡಿಸ್ತಾರೆ?” ಎಂದು ಬೈದರು. ಇಬ್ಬರೂ ಸೇರಿ ಕತ್ತಲಾಗುವುದರೊಳಗೆ ಕೂಡಿಸಿದೆವು. ಈಗ ನನಗೂ ಅವುಗಳ ಹೆಸರು ಬರುತ್ತದೆ.

ಈ ಕಾರ್ಡನ್ನು ಅಳಿಸುವುದಿಲ್ಲ. ದಿಂಬಿನ ಕೆಳಗೆ ಇಟ್ಟಿದ್ದೇನೆ.

ಮಾರ್ಚ್ ೧೫, ಶನಿವಾರ

ಬಳಗದ ಕೋಣೆಯಲ್ಲಿ ಮೂವತ್ತು ಜನ. ನನ್ನ ಒಂದು ಪಕ್ಕದಲ್ಲಿ ನಮ್ಮವರು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಇನ್ನೊಂದು ಪಕ್ಕದಲ್ಲಿ ಅಕ್ಕ. ಮೇಕೆಗಳನ್ನು ಸೊಸೆಗೆ ಒಪ್ಪಿಸಿ ಬಂದಿದ್ದರು.

ಭೂತಗನ್ನಡಿಯವರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಮೇಜಿನ ಮೇಲಿಟ್ಟು ಬಗ್ಗಿದರು. ಕಾಲು ಗಂಟೆ. ಒಂದೊಂದು ಪಟ್ಟೆಗೂ ಬೆರಳಿಟ್ಟರು. “ಕವಲು... ಹ್ಞೂಂ. ಕಿವಿ... ಹ್ಞೂಂ. ಕಾಲಿನ ಏಳೂ ಗೆರೆ... ಹ್ಞೂಂ.” ತಲೆ ಎತ್ತಿ ಹೇಳಿದರು: “ಅದೇ ಪ್ರಾಣಿ. ಕಾರ್ಡೂ ಸಾಚಾ. ಆದ್ರೆ ಅಮ್ಮಾ, ಬೆಳಕು ಈ ಸಲವೂ ಎರಡು ಕಡೆಯಿಂದಲೇ ಬಿದ್ದಿದೆಯಲ್ಲ?”

ಕೋಣೆಯಲ್ಲಿ ಪಿಸುಮಾತು ಎದ್ದಿತು. ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ಮೇಕೆಗಳ ಚಿತ್ರವನ್ನು ಮೇಜಿನ ಮೇಲಿಟ್ಟೆ. ಹಿಂದೆ ಉರಿಯುವ ಹಾಗೆ ಬೆಳಗಿದ ಬಿಳಿ ಗೋಡೆ, ಮುಂದೆ ನಲವತ್ತು ಮೇಕೆಗಳು, ಪ್ರತಿಯೊಂದರ ಎರಡೂ ಪಕ್ಕೆಯ ಮೇಲೆ ಬೆಳಕು.

“ಕತ್ತೆಕಿರುಬಕ್ಕೆ ದೀಪ ಹಿಡಿದೆ ಅಂತಾನೇ ಇಟ್ಕೊಳ್ಳಿ ಸಾರ್. ನಲವತ್ತು ಮೇಕೆಗೂ ಹಿಡಿದ್ನಾ?”

ಅವರು ಭೂತಗನ್ನಡಿ ಹಿಡಿದು ಮೊದಲ ಮೇಕೆ ನೋಡಿದರು. ಎರಡನೆಯದು. ಆರನೆಯದಕ್ಕೆ ಭೂತಗನ್ನಡಿ ಕೆಳಗಿಟ್ಟರು. “ಗೋಡೆ!” ಎಂದರು, ಪುಟ್ಟ ಮಗುವಿನಷ್ಟು ಖುಷಿಯಲ್ಲಿ. “ಗೋಡೆ ಕಣ್ರೀ ಅದು!” ಕೋಣೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಮ್ಮವರು ಶಿಳ್ಳೆ ಹೊಡೆದರು, ಈ ವಯಸ್ಸಿನಲ್ಲಿ.

ಮಾತಾಡಲು ಕರೆದರು. ಗಡಿಯಾರದ ಸಂಗತಿ ಹೇಳಿದೆ. ಎರಡು ವಾರ ಬೆಳಗ್ಗೆ ಕೂತು ಸಂಜೆಯ ಪ್ರಾಣಿಗೆ ಕಾದದ್ದು, ಕಣ್ಣಿನ ಡಾಕ್ಟರು, ಮೇಕೆಯ ಹೊಟ್ಟೆ, ಏನನ್ನೂ ಬಿಡಲಿಲ್ಲ. ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ.

ಆಮೇಲೆ ಭೂತಗನ್ನಡಿಯವರು ನನ್ನ ಹತ್ತಿರ ಬಂದು ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು: “ತಪ್ಪಾಯ್ತಮ್ಮ. ಜಾಗ ನೋಡದೆ ಬೆಳಕಿನ ಮಾತಾಡಬಾರದಿತ್ತು. ನನ್ನನ್ನೂ ಒಂದು ಸಂಜೆ ಅಲ್ಲಿಗೆ ಕರ್ಕೊಂಡು ಹೋಗ್ತೀರಾ?”

“ನನ್ನ ಕೇಳಿದ್ರೆ ಆಗಲ್ಲ ಸಾರ್. ಅಕ್ಕನ್ನ ಕೇಳಿ. ಅಲ್ಲಿ ನಡೆಯೋದು ಅವರ ಮಾತು.”

ಎಪ್ಪತ್ತು ದಾಟಿದ ಆ ದೊಡ್ಡ ಮನುಷ್ಯರು ಅಕ್ಕನ ಕಡೆ ತಿರುಗಿ ಕೈ ಕಟ್ಟಿ ನಿಂತರು. ಅಕ್ಕ ಅವರನ್ನು ಮೇಲಿನಿಂದ ಕೆಳಗೆ, ಸಂತೆಯಲ್ಲಿ ಹೋತ ನೋಡುವ ಹಾಗೆ, ಒಂದು ಸುತ್ತು ನೋಡಿದರು.

“ಬರ್ಲಿ. ಬಿಳಿ ಅಂಗಿ ಬೇಡ. ಮೇಕೆ ಮಧ್ಯೆ ನೆಲಕ್ಕೆ ಕೂರ್ಬೇಕು. ಅದು ಬಂದಾಗ ಹ್ಞೂಂ ಹ್ಞೂಂ ಅನ್ಬಾರ್ದು.”

“ಆಗ್ಲಿ ತಾಯಿ” ಎಂದರು ಭೂತಗನ್ನಡಿ. ಆಮೇಲೆ ತಾವೇ ಕುರ್ಚಿ ಹತ್ತಿ, ನನ್ನ ಹಳೆಯ ಚಿತ್ರದ ಪಕ್ಕದಲ್ಲಿ ಹೊಸದನ್ನು ತೂಗುಹಾಕಿದರು. ಎರಡರ ಕೆಳಗೂ ನನ್ನ ಹೆಸರು ಬರೆದರು.